ಹೊಸ ಡಿವಿಷನ್ ಸೋತರೆ ಯಾರನ್ನು ಕೇಳಬೇಕು?

ಎರಡನೇ ಮಹಾಯುದ್ಧದ ಅಮೆರಿಕದ 106ನೇ ಕಾಲಾಳು ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ಪಡೆ) ಅಂದರೆ ಎಲ್ಲರಿಗೂ ನೆನಪಾಗುವುದು ಅದರ ಶರಣಾಗತಿ. 1944ರ ಡಿಸೆಂಬರ್ 19ರಂದು ಅದರ ಮೂರು ರೆಜಿಮೆಂಟ್‌ಗಳಲ್ಲಿ ಎರಡು ಜರ್ಮನರಿಗೆ ಶರಣಾದವು. ಆರು ಸಾವಿರಕ್ಕೂ ಜಾಸ್ತಿ ಜನ ಸೆರೆಯಾದರು. ಎಳೆ ಹುಡುಗರು, ಹೆದರಿಬಿಟ್ಟರು ಅನ್ನುವವರಿದ್ದಾರೆ. ಕಾಲಾಳು ಪಡೆಯ ಹುಡುಗರಿಗೆ ಟ್ರೈನಿಂಗ್ ಕೊಟ್ಟವನಾಗಿ ಈ ಮಾತನ್ನು ನಾನು ಒಪ್ಪುವುದಿಲ್ಲ.

ಈ ಡಿವಿಷನ್ ಹುಟ್ಟಿದ್ದು 1943ರ ಮಾರ್ಚ್‌ನಲ್ಲಿ, ದಕ್ಷಿಣ ಕೆರೊಲಿನಾದ ಫೋರ್ಟ್ ಜಾಕ್ಸನ್‌ನಲ್ಲಿ. ಒಂದು ವರ್ಷ ಚೆನ್ನಾಗಿಯೇ ತಯಾರಾಯಿತು. ಆಮೇಲೆ 1944ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಪಳಗಿದ ಸೈನಿಕರನ್ನು ಬೇರೆ ಡಿವಿಷನ್‌ಗಳಿಗೆ ಕಳಿಸಿದರು. ಅವರ ಜಾಗಕ್ಕೆ ಬಂದವರಲ್ಲಿ ಕಾಲೇಜು ಹುಡುಗರಿದ್ದರು, ವಾಯುಪಡೆಗೆ ಸೇರಬೇಕಿದ್ದವರಿದ್ದರು. ಕಾಗದದ ಮೇಲೆ ತಲೆ ಲೆಕ್ಕ ಸರಿಹೋಯಿತು.

ಆದರೆ ಸೆಕ್ಷನ್, ಅಂದರೆ ಕಾಲಾಳು ಪಡೆಯ ಚಿಕ್ಕ ತಂಡ ಅನ್ನುವುದು ಹತ್ತು ಹನ್ನೆರಡು ತಲೆ ಸೇರಿಸಿದರೆ ಆಗುವಂಥದ್ದಲ್ಲ. ಕತ್ತಲಲ್ಲಿ ಕೂಗಿದವನು ಯಾರು ಅಂತ ದನಿಯಲ್ಲೇ ಗೊತ್ತಾಗಬೇಕು. ಮೆಷಿನ್‌ಗನ್ ಕಚ್ಚಿಕೊಂಡರೆ ಪಕ್ಕದವನು ಹೇಳಿಸಿಕೊಳ್ಳದೆ ರೈಫಲ್ ಎತ್ತಬೇಕು. ತಿಂಗಳುಗಟ್ಟಲೆ ಜೊತೆಗೇ ಉಂಡು, ನಡೆದು, ಬೈಸಿಕೊಂಡ ಮೇಲೆ ಬರುವ ಅಭ್ಯಾಸ ಅದು. ಅರ್ಧಕ್ಕರ್ಧ ಜನ ಬದಲಾದರೆ ಮತ್ತೆ ಮೊದಲಿಂದ ಶುರು.

ಇಂಥ ಡಿವಿಷನ್ ಡಿಸೆಂಬರ್ ಎರಡನೇ ವಾರ ಬೆಲ್ಜಿಯಂ ಗಡಿಯಾಚೆಯ ಶ್ನೀ ಐಫೆಲ್ ಗುಡ್ಡಗಳಿಗೆ ಬಂತು. ಅಲ್ಲಿ ಗದ್ದಲವಿಲ್ಲ, ಸುಮ್ನೆ ಕಲಿಯಲಿ ಅಂತ ಮೇಲಿನವರ ಲೆಕ್ಕ. ಕಾಯಬೇಕಾಗಿದ್ದು 30 ಕಿಲೋಮೀಟರಿಗೂ ಹೆಚ್ಚು ಉದ್ದದ ಸಾಲು. ಅಷ್ಟು ಉದ್ದಕ್ಕೆ ಜನರನ್ನು ಹಂಚಿದರೆ ನಡುವೆ ಸಂದು ಬೀಳದೆ ಇರುತ್ತದಾ? ಬಂದು ವಾರ ಕಳೆಯುವಷ್ಟರಲ್ಲಿ, 16ರ ಬೆಳಗಿನ ಜಾವ, ಜರ್ಮನರ ದೊಡ್ಡ ದಾಳಿ ಶುರುವಾಯಿತು. ಗುಡ್ಡದ ಎರಡೂ ಬದಿಯಿಂದ ನುಗ್ಗಿದರು.

ನನ್ನನ್ನು ಬಹಳ ಕಾಡುವುದು ಆ ರಾತ್ರಿಯ ಫೋನ್ ಮಾತು. ಡಿವಿಷನ್ ಕಮಾಂಡರ್ ಅಲನ್ ಜೋನ್ಸ್, ಗುಡ್ಡದ ಮೇಲಿದ್ದ 422 ಮತ್ತು 423ನೇ ರೆಜಿಮೆಂಟ್‌ಗಳನ್ನು ಹಿಂದಕ್ಕೆ ಕರೆಸುವ ಬಗ್ಗೆ ತನ್ನ ಮೇಲಧಿಕಾರಿ, ಹಲವು ಡಿವಿಷನ್‌ಗಳ ಕೋರ್‌ನ ಕಮಾಂಡರ್ ಟ್ರಾಯ್ ಮಿಡಲ್‌ಟನ್ ಜೊತೆ ಮಾತಾಡಿದರು. ಫೋನ್ ಇಟ್ಟಾಗ, ಹಿಂದೆ ಸರಿಯಲು ತಾನು ಒಪ್ಪಿದ್ದೇನೆ ಅಂತ ಮಿಡಲ್‌ಟನ್ ತಿಳಿದಿದ್ದರು. ಅಲ್ಲೇ ನಿಲ್ಲಿಸಲು ಹೇಳಿದ್ದಾರೆ ಅಂತ ಜೋನ್ಸ್ ತಿಳಿದರು. ಆಜ್ಞೆಯನ್ನು ಕೇಳಿದವನು ಮತ್ತೊಮ್ಮೆ ಒಪ್ಪಿಸಬೇಕು ಅಂತ ನಾವು ಹೊಸಬರಿಗೆ ಮೊದಲ ವಾರವೇ ಕಲಿಸುತ್ತೇವೆ, ಅಲ್ವಾ? ಜೋನ್ಸ್ ಅವರ ಸ್ವಂತ ಮಗ 423ರಲ್ಲೇ ಇದ್ದ. ಅವನೂ ಸೆರೆಯಾದ.

ಮರುದಿನ ಗುಡ್ಡದ ಹಿಂದಿನ ಶೋನ್‌ಬರ್ಗ್ ಊರಿನಲ್ಲಿ ಜರ್ಮನರ ಎರಡು ತುದಿಗಳು ಕೂಡಿಕೊಂಡವು, ಗುಡ್ಡದ ಮೇಲಿನ ಎರಡೂ ರೆಜಿಮೆಂಟ್‌ಗಳು ಒಳಗೆ ಸಿಕ್ಕಿಬಿದ್ದವು. ವಿಮಾನದಿಂದ ಇಳಿಸುತ್ತೇವೆ ಅಂದ ಮದ್ದುಗುಂಡು ಬರಲೇ ಇಲ್ಲ.

ಇದೇ ಡಿವಿಷನ್ನಿನ ಇನ್ನೊಂದು ಮುಖ ನೋಡಿ. ಮೂರನೆಯದಾದ 424ನೇ ರೆಜಿಮೆಂಟ್ ಜರ್ಮನರು ಸುತ್ತುವರಿಯುವ ಮೊದಲೇ ಹಿಂದೆ ಸರಿದು ಹೋರಾಟ ಮುಂದುವರಿಸಿತು. ಬೆಲ್ಜಿಯಂನ ಸೇಂಟ್ ವಿತ್ ಊರಿನ ಪೂರ್ವದ ದಿಣ್ಣೆಯಲ್ಲಿ ಇದೇ ಡಿವಿಷನ್ನಿನ 81ನೇ ಎಂಜಿನಿಯರ್ ಬೆಟಾಲಿಯನ್, ಲೆಫ್ಟಿನೆಂಟ್ ಕರ್ನಲ್ ಥಾಮಸ್ ರಿಗ್ಸ್ ಕೈಕೆಳಗೆ, 17ರಂದು ಕಂದಕ ತೋಡಿ ನಿಂತಿತು. ಜೊತೆಗೆ ಬೇರೆ ಎಂಜಿನಿಯರ್‌ಗಳು, ಆಮೇಲೆ ಟ್ಯಾಂಕ್‌ಗಳಿದ್ದ 7ನೇ ಆರ್ಮರ್ಡ್ ಡಿವಿಷನ್. ಸೇಂಟ್ ವಿತ್ ಜರ್ಮನರ ಕೈಸೇರಿದ್ದು 21ರ ರಾತ್ರಿ. 81ರ ಎಂಜಿನಿಯರ್‌ಗಳಿಗೂ ಅದು ಮೊದಲ ಯುದ್ಧವೇ.