ಟಿ790ಎಂ ಬಂದರೆ ಜೆಫಿಟಿನಿಬ್ ಯಾಕೆ ಸೋಲುತ್ತದೆ?

ಇಜಿಎಫ್‌ಆರ್ (ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್) ಮ್ಯುಟೇಶನ್ ಇರುವ ಶ್ವಾಸಕೋಶ ಕ್ಯಾನ್ಸರಿಗೆ ಅದನ್ನು ತಡೆಯುವ ಔಷಧಿ ಜೆಫಿಟಿನಿಬ್ ಕೊಟ್ಟರೆ ಗಡ್ಡೆ ಕುಗ್ಗುತ್ತದೆ, ಸುಮಾರು ವರ್ಷದೊಳಗೆ ಮತ್ತೆ ತಲೆಯೆತ್ತುತ್ತದೆ. ಹಾಗೆ ಮರಳಿದವುಗಳಲ್ಲಿ ಅರ್ಧದಷ್ಟರಲ್ಲಿ ಕಾಣುವುದು ಟಿ790ಎಂ: ಆ ಪ್ರೋಟೀನಿನ 790ನೇ ಜಾಗದ ಅಮೈನೊ ಆಮ್ಲ ಥ್ರಿಯೋನಿನ್ ಹೋಗಿ ಮೆಥಿಯೋನಿನ್ ಕೂತಿರುತ್ತದೆ.

ಎಡವುವುದು ಇಲ್ಲೇ. ‘ಮೆಥಿಯೋನಿನ್ ದಪ್ಪ, ಔಷಧಿಗೆ ಜಾಗ ಸಾಲದು’ ಎಂದು ಬರೆದು ಮುಗಿಸುತ್ತೇವೆ. ಅಳೆದು ನೋಡಿದರೆ ಔಷಧಿ ಈಗಲೂ ಚೆನ್ನಾಗಿಯೇ ಅಂಟುತ್ತದೆ. ಎಲ್858ಆರ್ (ಮೊದಲೇ ಇದ್ದ ಕ್ಯಾನ್ಸರ್ ಮ್ಯುಟೇಶನ್) ಒಂದೇ ಇದ್ದಾಗ ಕೆಡಿ (ಕಡಿಮೆಯಿದ್ದಷ್ಟೂ ಅಂಟು ಬಿಗಿ) 2.4 ನ್ಯಾನೊಮೋಲಾರ್, ಟಿ790ಎಂ ಜತೆಗೂಡಿದಾಗ 10.9. ನಾಲ್ಕೂವರೆ ಪಟ್ಟು, ಅಷ್ಟೆ. ನಿಜವಾಗಿ ಬದಲಾಗುವುದು, ಔಷಧಿಯ ಜತೆ ಒಂದೇ ಸೀಟಿಗೆ ಪೈಪೋಟಿ ನಡೆಸುವ ಎಟಿಪಿಯ (ಕೋಶದ ಇಂಧನ ಅಣು) ಕೆಎಂ (ಕಿಣ್ವ ಅರ್ಧ ವೇಗ ತಲುಪಲು ಬೇಕಾದ ಎಟಿಪಿ ಪ್ರಮಾಣ): 148 ಮೈಕ್ರೊಮೋಲಾರ್ ಇದ್ದದ್ದು 8.4ಕ್ಕೆ ಇಳಿಯುತ್ತದೆ. ಕೆಎಂ ಇಳಿದರೆ ಎಟಿಪಿಯ ಹಿಡಿತ ಬಿಗಿಯಾಯಿತು ಎಂದರ್ಥ. ಇದನ್ನು ತಿರುಗಾಮುರುಗಾ ಮಾಡಿಕೊಳ್ಳಬೇಡಿ.

ಲೆಕ್ಕ ಹಾಕಿಯೇ ನೋಡೋಣ. ಪೈಪೋಟಿಯ ಸೂತ್ರ: ಐಸಿ50 = ಕೆಐ × (1 + ಎಟಿಪಿ ÷ ಕೆಎಂ). ಐಸಿ50 ಎಂದರೆ ಕಿಣ್ವದ ಕೆಲಸವನ್ನು ಅರ್ಧಕ್ಕಿಳಿಸಲು ಬೇಕಾದ ಔಷಧಿ ಪ್ರಮಾಣ, ಕೆಐ ಎಂದರೆ ಪೈಪೋಟಿ ಇಲ್ಲದಾಗ ಔಷಧಿ ಅಂಟುವ ಬಿಗಿಯ ಅಳತೆ. ಕೆಐ ಜಾಗಕ್ಕೆ ಕೆಡಿ ಹಾಕಿ, ಜೀವಕೋಶದ ಎಟಿಪಿ 1000 ಮೈಕ್ರೊಮೋಲಾರ್ ಎಂದಿಟ್ಟುಕೊಳ್ಳಿ.
ಎಲ್858ಆರ್: 2.4 × 7.8, ಅಂದರೆ ಸುಮಾರು 19 ನ್ಯಾನೊಮೋಲಾರ್.
ಎರಡೂ ಇದ್ದಾಗ: 10.9 × 120, ಸುಮಾರು 1,300.
ನಾಲ್ಕೂವರೆ ಪಟ್ಟು ಎಪ್ಪತ್ತು ಪಟ್ಟಾಯಿತು! ಎಟಿಪಿ ಇಲ್ಲದ ಪರೀಕ್ಷೆಯಲ್ಲಿ ಈ ಅಂತರ ಕಾಣುವುದೇ ಇಲ್ಲ.

ಟಿ790ಎಂ ಇದ್ದರೂ ಕೆಲಸ ಮಾಡುವ ಔಷಧಿ ಒಸಿಮೆರ್ಟಿನಿಬ್ (ದಿನಕ್ಕೊಮ್ಮೆ 80 ಮಿ.ಗ್ರಾಂ) 797ನೇ ಸಿಸ್ಟೀನಿಗೆ ಕೋವೇಲೆಂಟ್ (ಸುಲಭಕ್ಕೆ ಬಿಡದ) ಬಂಧ ಹಾಕಿ ಕೂರುತ್ತದೆ. ಸೀಟು ಬಿಟ್ಟು ಎದ್ದರೆ ತಾನೇ ಎಟಿಪಿ ಕೂರುವುದು? ಅಫಾಟಿನಿಬ್ ಕೂಡ ಅಲ್ಲಿಗೇ ಅಂಟುತ್ತದೆ, ಆದರೆ ಮ್ಯುಟೇಶನ್ ಇಲ್ಲದ ಇಜಿಎಫ್‌ಆರ್ ಅನ್ನೂ ಬಿಡುವುದಿಲ್ಲ. ಚರ್ಮದ ಗುಳ್ಳೆ, ಭೇದಿ ಶುರುವಾಗಿ ಬೇಕಾದಷ್ಟು ಡೋಸ್ ಏರಿಸಲಾಗದು.

ಮುಂದಿನ ತೊಡಕು ಸಿ797ಎಸ್. ಸಿಸ್ಟೀನ್ ಹೋಗಿ ಸೆರೀನ್ ಬಂದರೆ ಆ ಬಂಧವೇ ಕೂಡುವುದಿಲ್ಲ. ಟಿ790ಎಂ ಇಲ್ಲದೆ ಇದೊಂದೇ ಬಂದರೆ ಜೆಫಿಟಿನಿಬ್‌ಗೆ ಮತ್ತೆ ಅವಕಾಶವಿದೆ. ಟಿ790ಎಂ, ಸಿ797ಎಸ್ ಎರಡೂ ಜೀನಿನ ಬೇರೆಬೇರೆ ಪ್ರತಿಯಲ್ಲಿದ್ದರೆ (ಟ್ರಾನ್ಸ್) ಜೆಫಿಟಿನಿಬ್, ಒಸಿಮೆರ್ಟಿನಿಬ್ ಎರಡನ್ನೂ ಜೋಡಿಸಿ ನೋಡಬಹುದು. ಒಂದೇ ಪ್ರತಿಯಲ್ಲಿದ್ದರೆ (ಸಿಸ್) ಆ ಜೋಡಿಯೂ ನಡೆಯದು. ಕಂಡುಹಿಡಿಯುವುದು ಸುಲಭ: ಎರಡು ಜಾಗಗಳ ನಡುವೆ ಇಪ್ಪತ್ತು ಚಿಲ್ಲರೆ ಬೇಸ್ (ಜೀನಿನ ಅಕ್ಷರ) ಅಂತರ, ಸೀಕ್ವೆನ್ಸಿಂಗ್‌ನ ಒಂದೇ ರೀಡ್‌ನಲ್ಲಿ (ಒಮ್ಮೆಗೆ ಓದುವ ತುಂಡು) ಎರಡೂ ಸಿಗುತ್ತವೆ. ಒಂದೇ ರೀಡ್‌ನಲ್ಲಿ ಎರಡೂ ಬದಲಾಗಿದ್ದರೆ ಸಿಸ್.

ಟಿ790ಎಂ ಅಲ್ಲದೆ, ಮೆಟ್ ಎಂಬ ಇನ್ನೊಂದು ಬೆಳವಣಿಗೆ ಜೀನಿನ ಪ್ರತಿಗಳು ಹೆಚ್ಚಾಗಿ ಅಡ್ಡದಾರಿ ತೆರೆದುಕೊಳ್ಳುವುದೂ ಉಂಟು, ಗಡ್ಡೆ ಸಣ್ಣಕೋಶದ ಬಗೆಗೆ ತಿರುಗುವುದೂ ಉಂಟು. ಎರಡನೆಯದು ರಕ್ತಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಹಾಗಾಗಿ ರಕ್ತದಲ್ಲಿ ಟಿ790ಎಂ ಸಿಗದಿದ್ದರೆ ‘ಇಲ್ಲ’ ಎಂದು ಬರೆಯದೆ, ಗಡ್ಡೆಯಿಂದ ಹೊಸದಾಗಿ ಬಯಾಪ್ಸಿ ತೆಗೆಯಿರಿ.