ಒಳ್ಳೆಯ ಗ್ರಿಪ್ ಬೇಕೆಂದರೆ ದುಬಾರಿ ಟೈರೇ ಹಾಕಿಸಬೇಕೇ?

ಪ್ರಶ್ನೆ: ಕಾರಿನ ನಾಲ್ಕೂ ಟೈರ್ ಸವೆದಿವೆ. ಒಂದೇ ಅಳತೆಯ ಟೈರಿಗೆ ಅಂಗಡಿಯಲ್ಲಿ ಮೂರು ಬೆಲೆ ಹೇಳುತ್ತಾರೆ. ಅಗ್ಗದ್ದಕ್ಕೂ ದುಬಾರಿಯದಕ್ಕೂ ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸ. ಹೆಚ್ಚು ಹಣ ಕೊಟ್ಟರೆ ನಿಜಕ್ಕೂ ಹೆಚ್ಚು ಗ್ರಿಪ್ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ಮುಖ್ಯವಾಗಿ ಒದ್ದೆ ರಸ್ತೆಯಲ್ಲಿ. ಒಣ ರಸ್ತೆಯಲ್ಲಿ ಸಾಧಾರಣ ವೇಗದಲ್ಲಿ ಓಡಿಸುವವರಿಗೆ ಎರಡು ಹೊಸ ಟೈರ್‌ಗಳ ನಡುವಿನ ಅಂತರ ಅಷ್ಟಾಗಿ ತಿಳಿಯುವುದೇ ಇಲ್ಲ. ಮಳೆ ಸುರಿಯುತ್ತಿರುವಾಗ ಗಟ್ಟಿಯಾಗಿ ಬ್ರೇಕ್ ಒತ್ತಬೇಕಾಗಿ ಬಂದಾಗ ಅದು ಮೀಟರ್‌ಗಳಲ್ಲಿ ಕಾಣುತ್ತದೆ. ಹಾಗಾಗಿ ಬೆಲೆ ಕೇಳುವ ಮೊದಲು, ಒದ್ದೆಯಲ್ಲಿ ಈ ಟೈರ್ ಎಷ್ಟು ದೂರದಲ್ಲಿ ಕಾರನ್ನು ನಿಲ್ಲಿಸುತ್ತದೆ ಎಂದು ವಿಚಾರಿಸಿ.

ಒಂದು ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರಿಗೆ ಒದ್ದೆ ಡಾಂಬರಿನ ಮೇಲೆ ಘರ್ಷಣಾ ಗುಣಾಂಕ (ಟೈರಿಗೂ ರಸ್ತೆಗೂ ನಡುವಿನ ಹಿಡಿತದ ಅಳತೆ) 0.8 ಸಿಕ್ಕರೆ, ಬ್ರೇಕ್ ಹಿಡಿದ ಮೇಲೆ ಅದು ಸುಮಾರು 31 ಮೀಟರ್ ಸಾಗಿ ನಿಲ್ಲುತ್ತದೆ. ಗುಣಾಂಕ 0.65ಕ್ಕೆ ಇಳಿದರೆ ಸುಮಾರು 39 ಮೀಟರ್ ಬೇಕು. ಏಳೆಂಟು ಮೀಟರ್ ತಾನೇ ಎನ್ನಿಸಬಹುದು. ಆದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದನ್ನು ಸರಿಪಡಿಸಲಾರದು. ಇರುವ ಹಿಡಿತವನ್ನು ಅದು ಚೆನ್ನಾಗಿ ಬಳಸಿಕೊಳ್ಳುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಇಡೀ ಕಾರಿನ ಭಾರ ನೆಲಕ್ಕೆ ತಾಗುವುದು ಒಂದೊಂದು ಟೈರಿನಡಿ ಹೆಚ್ಚುಕಡಿಮೆ ಅಂಗೈ ಅಗಲದ ಜಾಗದಲ್ಲಿ. ಬ್ರೇಕು, ಸ್ಟೀರಿಂಗು, ಎಬಿಎಸ್ ಎಲ್ಲ ಕೆಲಸ ಮಾಡುವುದು ಅಷ್ಟರ ಮೂಲಕವೇ.

ಹಾಗಾದರೆ ಹೆಚ್ಚಿನ ಹಣ ಹೋಗುವುದು ಎಲ್ಲಿಗೆ? ಬಹುಪಾಲು ರಬ್ಬರ್ ಮಿಶ್ರಣಕ್ಕೆ. ಮೃದುವಾದ ರಬ್ಬರ್ ರಸ್ತೆಯ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಾಳಿಕೆ ಬರುತ್ತದೆ, ಆದರೆ ಒದ್ದೆಯಲ್ಲಿ ಜಾರುತ್ತದೆ. ಉರುಳುವಾಗ ಕಡಿಮೆ ಶಕ್ತಿ ನುಂಗಿ ಇಂಧನ ಉಳಿಸಬೇಕು ಎಂಬುದು ಮೂರನೆಯ ಬೇಡಿಕೆ. ಒದ್ದೆಯ ಗ್ರಿಪ್, ಬಾಳಿಕೆ, ಮೈಲೇಜ್ ಈ ಮೂರೂ ಒಂದನ್ನೊಂದು ಎಳೆದಾಡುತ್ತವೆ. ಒಂದನ್ನು ಹೆಚ್ಚಿಸಲು ಹೋದರೆ ಉಳಿದವು ಕುಸಿಯುತ್ತವೆ. ಮೂರನ್ನೂ ಒಟ್ಟಿಗೆ ಮೇಲೆತ್ತುವುದು ಖರ್ಚಿನ ಕೆಲಸ, ನೀವು ಹೆಚ್ಚಿನ ಬೆಲೆ ಕೊಡುವುದು ಅದಕ್ಕೇ.

1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಂಪನಿ ಟ್ರೆಡ್ (ನೆಲಕ್ಕೆ ತಾಗುವ ಹೊರಪದರ) ರಬ್ಬರಿನಲ್ಲಿ ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಇಂಗಾಲದ ಪುಡಿಯ ಬಹುಭಾಗಕ್ಕೆ ಬದಲಾಗಿ ಮರಳಿನಲ್ಲಿರುವ ಖನಿಜವಾದ ಸಿಲಿಕಾದ ಪುಡಿ ಬಳಸಿದಾಗ ಈ ಎಳೆದಾಟ ಬಹಳ ಸಡಿಲವಾಯಿತು. ಸಿಲಿಕಾದಿಂದ ಒದ್ದೆಯ ಹಿಡಿತವೂ ಹೆಚ್ಚಿತು, ಉರುಳುವ ಪ್ರತಿರೋಧವೂ ತಗ್ಗಿತು. ಆದರೆ ಸಿಲಿಕಾ ತಾನಾಗಿ ರಬ್ಬರಿನೊಂದಿಗೆ ಬೆರೆಯುವುದಿಲ್ಲ. ಎರಡನ್ನೂ ಬೆಸೆಯಲು ಸಿಲೇನ್ ಎಂಬ ರಾಸಾಯನಿಕ ಬೇಕು, ಮಿಶ್ರಣ ಮಾಡುವಾಗ ಉಷ್ಣತೆಯನ್ನು ಬಿಗಿಯಾದ ಮಿತಿಯೊಳಗೆ ಕಾಯ್ದುಕೊಳ್ಳಬೇಕು. ಬಿಸಿ ಕಡಿಮೆಯಾದರೆ ಬೆಸುಗೆ ಆಗುವುದಿಲ್ಲ, ಹೆಚ್ಚಾದರೆ ರಬ್ಬರ್ ಅಚ್ಚಿಗೆ ಹೋಗುವ ಮೊದಲೇ ಗಟ್ಟಿಯಾಗಲು ತೊಡಗುತ್ತದೆ. ಈಗ ಅಗ್ಗದ ಟೈರ್‌ಗಳ ಮೇಲೂ ಸಿಲಿಕಾ ಎಂದು ಬರೆದಿರುತ್ತದೆ. ಎಷ್ಟಿದೆ, ಎಷ್ಟು ಚೆನ್ನಾಗಿ ಬೆರೆತಿದೆ ಎಂಬುದನ್ನು ಆ ಬರಹ ಹೇಳುವುದಿಲ್ಲ, ಹಾಗಾಗಿ ಅದನ್ನು ನೋಡಿ ಮರುಳಾಗಬೇಡಿ.

ಇನ್ನೊಂದು ವ್ಯತ್ಯಾಸ ಟ್ರೆಡ್‌ನಲ್ಲಿದೆ. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದ್ದರೆ, 205 ಮಿ.ಮೀ. ಅಗಲದ ಟೈರ್ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 13 ಲೀಟರಿಗೂ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸಬೇಕು. ಅಗಲವಾದ ಕಾಲುವೆಗಳು ಈ ನೀರನ್ನು ಹೊರಹಾಕುತ್ತವೆ. ಕಾಲುವೆಗಳ ನಡುವಿನ ರಬ್ಬರ್ ಬ್ಲಾಕ್‌ಗಳ ಮೇಲಿನ ಕೂದಲೆಳೆಯಂಥ ಸೀಳುಗಳು ಉಳಿದ ತೆಳುಪದರವನ್ನು ಒಡೆಯುತ್ತವೆ. ಅಂಗಡಿಯಲ್ಲಿ ಬ್ಲಾಕನ್ನು ಹೆಬ್ಬೆರಳಿನಿಂದ ಬಾಗಿಸಿ ಆ ಸೀಳುಗಳ ಆಳ ನೋಡಿ. ಕೆಲವು ಟೈರ್‌ಗಳಲ್ಲಿ ಅವು ಅರ್ಧದವರೆಗೂ ಇಳಿದಿರುವುದಿಲ್ಲ. ಅಷ್ಟು ಸವೆಯುತ್ತಿದ್ದಂತೆ ಸೀಳು ಮಾಯವಾಗಿ ನುಣುಪಾದ ಬ್ಲಾಕ್ ಉಳಿಯುತ್ತದೆ. ಹೊಸದಿದ್ದಾಗ ಚೆನ್ನಾಗಿದ್ದ ಟೈರ್ ಎರಡನೆಯ ಮಳೆಗಾಲಕ್ಕೆ ಜಾರತೊಡಗಲು ಇದೂ ಒಂದು ಕಾರಣ.

ಇಲ್ಲೇ ಒಂದು ಮಾತು: ಟೈರ್ ಅಗಲವಾದಷ್ಟೂ ಗ್ರಿಪ್ ಹೆಚ್ಚು ಎಂಬ ನಂಬಿಕೆ ಬಹಳ ಮಂದಿಗಿದೆ. ಒಣ ರಸ್ತೆಯಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ನೀರು ನಿಂತಲ್ಲಿ ಅಗಲವಾದ ಟೈರ್ ಹೆಚ್ಚು ನೀರು ಸರಿಸಬೇಕಾಗಿ ಬಂದು, ಕಡಿಮೆ ವೇಗದಲ್ಲೇ ತೇಲತೊಡಗುತ್ತದೆ. ಅದೇ ಹಣಕ್ಕೆ ಕಾರಿನ ಮೂಲ ಅಳತೆಯಲ್ಲೇ ಇನ್ನೂ ಉತ್ತಮ ಟೈರ್ ಕೊಳ್ಳುವುದು ಜಾಣತನ.

ಬೆಲೆಯನ್ನೂ ಬ್ರ್ಯಾಂಡನ್ನೂ ಬದಿಗಿಟ್ಟು ಗ್ರಿಪ್ ಅಳೆಯಲು ಎರಡು ಆಧಾರಗಳಿವೆ. ಯುರೋಪಿನ ಲೇಬಲ್ ಇದ್ದರೆ ಮೊದಲು ಅದನ್ನು ನೋಡಿ. 2021ರ ಮೇ ತಿಂಗಳಿಂದ ಜಾರಿಯಲ್ಲಿರುವ ಲೇಬಲ್‌ನಲ್ಲಿ ಒದ್ದೆಯ ಗ್ರಿಪ್‌ಗೆ ಎ ಯಿಂದ ಇ ವರೆಗೆ ಐದು ದರ್ಜೆ. ಎ ಅಥವಾ ಬಿ ಇದ್ದರೆ ಸರಿ. ಸಿ ಯಲ್ಲಿ ತೃಪ್ತಿಪಡಬಹುದಾದದ್ದು ಊರೊಳಗೆ ನಿಧಾನವಾಗಿ ಓಡುವ ಕಾರಿಗೆ ಮಾತ್ರ. ಡಿ, ಇ ದರ್ಜೆಯದನ್ನು ಎಷ್ಟೇ ಅಗ್ಗವಾದರೂ ಬಿಡಿ. ಇದು ಹೊಸ ಟೈರಿನ ಪರೀಕ್ಷೆ ಎಂಬುದು ನೆನಪಿರಲಿ. ಸವೆದ ಮೇಲಿನ ಸ್ಥಿತಿ ಅದರಲ್ಲಿಲ್ಲ.

ಎರಡನೆಯದು ಅಮೆರಿಕದ ನಿಯಮದಂತೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಅಚ್ಚೊತ್ತಿರುವ ಟ್ರೆಡ್‌ವೇರ್ (ಸವೆತ), ಟ್ರ್ಯಾಕ್ಷನ್ (ಹಿಡಿತ), ಟೆಂಪರೇಚರ್ (ಬಿಸಿ ತಾಳುವಿಕೆ) ಎಂಬ ಗುರುತುಗಳು. ಟ್ರ್ಯಾಕ್ಷನ್‌ಗೆ ಎಎ, ಎ, ಬಿ, ಸಿ ದರ್ಜೆಗಳು. ಒದ್ದೆ ನೆಲದ ಮೇಲೆ ನೇರ ದಾರಿಯಲ್ಲಿ ಬ್ರೇಕ್ ಹಿಡಿದು ಇದನ್ನು ಅಳೆಯುತ್ತಾರೆ, ತಿರುವಿನ ಹಿಡಿತದ ಬಗ್ಗೆ ಇದು ಏನೂ ಹೇಳುವುದಿಲ್ಲ. ಟ್ರೆಡ್‌ವೇರ್ ಸಂಖ್ಯೆ ಎಂದರೆ 100 ಎಂದಿಟ್ಟುಕೊಂಡ ಮಾದರಿ ಟೈರಿಗೆ ಹೋಲಿಸಿದ ಬಾಳಿಕೆ. 200ರ ಆಸುಪಾಸಿನವು ಬೇಗ ಸವೆಯುವ ಅಂಟು ರಬ್ಬರ್. 300ರಿಂದ 500 ಸಾಮಾನ್ಯ ಕಾರಿನವು. ಈ ಸಂಖ್ಯೆಯನ್ನು ತಯಾರಕರೇ ಕೊಟ್ಟುಕೊಳ್ಳುವುದರಿಂದ ಒಂದು ಕಂಪನಿಯ 400ನ್ನು ಇನ್ನೊಂದರ 400ಕ್ಕೆ ಹೋಲಿಸಬೇಡಿ. ಅಗ್ಗದ ಟೈರಿನಲ್ಲಿ ಟ್ರೆಡ್‌ವೇರ್ ಬಹಳ ದೊಡ್ಡದಿದ್ದು ಟ್ರ್ಯಾಕ್ಷನ್ ಬಿ ಇದ್ದರೆ, ಬಾಳಿಕೆಗಾಗಿ ಹಿಡಿತವನ್ನು ಬಿಟ್ಟುಕೊಟ್ಟಿರುವ ಸಾಧ್ಯತೆಯೇ ಹೆಚ್ಚು.

ಬಾಳಿಕೆಯ ಹಣದ ಲೆಕ್ಕವನ್ನೂ ಹಾಕಿ. ಅಗ್ಗದ್ದರ ಬೆಲೆ 100 ಎಂದಿಟ್ಟುಕೊಂಡು ಅದು 35,000 ಕಿ.ಮೀ. ಬಂದರೆ, 160 ಕೊಟ್ಟ ಟೈರ್ 55,000 ಕಿ.ಮೀ. ಬಂದರೆ, ಕಿಲೋಮೀಟರಿಗೆ ಬೀಳುವ ಖರ್ಚು ಬಹುತೇಕ ಒಂದೇ. ಹೆಚ್ಚು ಓಡಿಸುವವರಿಗೆ ದುಬಾರಿ ಟೈರ್ ನಿಜವಾಗಿ ದುಬಾರಿಯಲ್ಲ. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಓಡಿಸುವವರ ಲೆಕ್ಕ ಬೇರೆ: ಅವರ ಟೈರ್ ಸವೆಯುವ ಮೊದಲೇ ವಯಸ್ಸಾಗಿ ಗಟ್ಟಿಯಾಗುತ್ತದೆ. ಹೆಚ್ಚು ಬಾಳಿಕೆಗೆ ಹಣ ಕೊಟ್ಟು ಅವರಿಗೆ ಪ್ರಯೋಜನವಿಲ್ಲ. ಟ್ರೆಡ್‌ವೇರ್ ಕಡಿಮೆಯಿದ್ದು ಒದ್ದೆಯ ದರ್ಜೆ ಎ ಇರುವುದು ಅವರಿಗೆ ಹೇಳಿಮಾಡಿಸಿದ್ದು.

ನಡುವಿನ ಬೆಲೆಯವನ್ನು ಮರೆಯಬೇಡಿ. ದೊಡ್ಡ ಕಂಪನಿಗಳಿಗೆ ಎರಡನೆಯ ಸಾಲಿನ ಬ್ರ್ಯಾಂಡ್‌ಗಳಿವೆ: ಮಿಶೆಲಿನ್‌ಗೆ ಕ್ಲೆಬರ್, ಕಾಂಟಿನೆಂಟಲ್‌ಗೆ ಬಾರುಮ್, ಬ್ರಿಜ್‌ಸ್ಟೋನ್‌ಗೆ ಫೈರ್‌ಸ್ಟೋನ್. ಒದ್ದೆಯ ದರ್ಜೆ ಎ ಅಥವಾ ಬಿ ಇರುವ ಇಂಥ ಟೈರ್ ಬಹುತೇಕ ಕುಟುಂಬದ ಕಾರುಗಳಿಗೆ ಸಾಕು. ಹೆದ್ದಾರಿಯಲ್ಲಿ, ಮಳೆಯಲ್ಲಿ, ಘಟ್ಟದ ರಸ್ತೆಯಲ್ಲಿ ಹೆಚ್ಚು ಓಡಾಡುವವರು ಮೇಲಿನ ದರ್ಜೆಗೇ ಹೋಗಲಿ.

ಮಾಡಲೇಬಾರದ್ದು, ಎರಡು ದುಬಾರಿ ಎರಡು ಅಗ್ಗದ್ದು ಬೆರೆಸುವುದು. ಒಂದೇ ಆಕ್ಸಲ್‌ನ (ಮುಂದಿನ ಅಥವಾ ಹಿಂದಿನ ಜೋಡಿಯ) ಎರಡು ಟೈರ್‌ಗಳ ಮಾದರಿ, ಅಳತೆ ಒಂದೇ ಇರಬೇಕು. ಎರಡನ್ನೇ ಬದಲಿಸುವ ಹಣವಿದ್ದರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಕಾರು ಮುಂದಿನ ಚಕ್ರದಿಂದ ಓಡುವುದಾದರೂ. ಮುಂದೆ ಹಿಡಿತ ತಪ್ಪಿದರೆ ಕಾರು ನೇರ ಜಾರುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಮಟ್ಟಿಗೆ ಸುಧಾರಿಸುತ್ತದೆ. ಹಿಂದೆ ತಪ್ಪಿದರೆ ಕಾರು ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕರಿಂದ ಅದನ್ನು ತಡೆಯಲಾಗದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಸುತ್ತಳತೆಯ ವ್ಯತ್ಯಾಸದಿಂದ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್‌ಗೆ ಪೆಟ್ಟು ಬೀಳುತ್ತದೆ.

ಯಾವುದನ್ನೇ ಆರಿಸಿ, 205/55 ಆರ್16 91ವಿ ಎಂಬಂಥ ಗುರುತಿನ ಕೊನೆಯ ಎರಡು ಭಾಗ ಕಾರಿನ ಪುಸ್ತಕ ಹೇಳಿದ್ದಕ್ಕಿಂತ ಕಡಿಮೆಯಾಗಬಾರದು. 91 ಎಂದರೆ ಒಂದು ಟೈರ್ 615 ಕೆ.ಜಿ. ಹೊರಬಲ್ಲದು, ವಿ ಎಂದರೆ ಗಂಟೆಗೆ 240 ಕಿ.ಮೀ. ತಾಳಬಲ್ಲದು. ಜೊತೆಗೆ ಸೈಡ್‌ವಾಲ್ ಮೇಲಿನ ನಾಲ್ಕಂಕಿಯ ದಿನಾಂಕ ಓದಿ: 3524 ಎಂದಿದ್ದರೆ 2024ರ 35ನೆಯ ವಾರದಲ್ಲಿ ತಯಾರಾದದ್ದು. ರಿಯಾಯಿತಿಯಲ್ಲಿ ಸಿಗುವ ದುಬಾರಿ ಬ್ರ್ಯಾಂಡ್ ನಾಲ್ಕೈದು ವರ್ಷ ಹಳೆಯದಾದರೆ ಬೇಡ.

ಒಳ್ಳೆಯ ಟೈರ್ ಹಾಕಿಸಿಯೂ ಗ್ರಿಪ್ ಸಿಗದಿದ್ದರೆ ಮೊದಲು ಗಾಳಿ ನೋಡಿ. ಸರಿಯಾದ ಒತ್ತಡ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರಿನ ಮೇಲಿರುವುದು ಗರಿಷ್ಠ ಮಿತಿ. ಟೈರ್ ತಣ್ಣಗಿರುವಾಗಲೇ ಅಳೆಯಿರಿ, ಹವೆ 5-6 ಡಿಗ್ರಿ ಸೆಲ್ಸಿಯಸ್ ತಂಪಾದರೆ ಒತ್ತಡ ಸುಮಾರು 1 ಪಿಎಸ್‌ಐ (ಗಾಳಿಯೊತ್ತಡದ ಅಳತೆ) ಇಳಿಯುತ್ತದೆ. ಎರಡೂ ಅಂಚು ಹೆಚ್ಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡು ಸವೆದಿದ್ದರೆ ಹೆಚ್ಚಿತ್ತು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಜೋಡಣೆಯ ಕೋನ) ತಪ್ಪಿದೆ. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಟೈರ್ ನೆಲದ ಮೇಲೆ ಕುಪ್ಪಳಿಸುತ್ತದೆ, ಟ್ರೆಡ್ ಅಲ್ಲಲ್ಲಿ ತಗ್ಗುಬಿದ್ದಂತೆ ಸವೆಯುತ್ತದೆ.

1.6 ಮಿ.ಮೀ. ಸವೆತದ ಗುರುತು ಕಾನೂನಿನ ಕೊನೆಯ ಗೆರೆ. ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೇ ಬದಲಿಸಬೇಕು, ಅದಕ್ಕಿಂತ ಕೆಳಗೆ ಎಂಥ ಬ್ರ್ಯಾಂಡಿನ ಹಿಡಿತವೂ ನೀರಿನಲ್ಲಿ ಬೇಗ ಕುಸಿಯುತ್ತದೆ.

ಹಾಕಿಸುವಾಗ ಔಟ್‌ಸೈಡ್ ಎಂಬ ಬರಹ ಹೊರಗೆ ಕಾಣಬೇಕು, ರೊಟೇಷನ್ ಬಾಣವಿದ್ದರೆ ಅದು ಚಕ್ರ ಮುಂದೆ ಉರುಳುವ ದಿಕ್ಕಿಗಿರಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಜಾರುಪದರ ಹೊಸ ಟೈರಿನ ಮೇಲೆ ಇರುವುದರಿಂದ ಮೊದಲ 200-300 ಕಿ.ಮೀ. ಗಟ್ಟಿ ಬ್ರೇಕು, ಬಿರುಸಿನ ತಿರುವು ಬೇಡ. 50-100 ಕಿ.ಮೀ. ಓಡಿಸಿದ ಮೇಲೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯುವ ಸ್ಪ್ಯಾನರ್) ಮತ್ತೊಮ್ಮೆ ಪರೀಕ್ಷಿಸಿ.