ಕೋಲು ಬಂತು, ಕಾಲಿನ ಪಾಠ ತಡವಾಯಿತು

ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದಾಗ ಒಮ್ಮೆ ಗಮನಿಸಿ. ಮೈ ಸಣ್ಣಗೆ ಓಲಾಡುತ್ತದೆ. ಕೈ ತಾನಾಗಿ ಬೇಸಿನ್ನಿನ ಅಂಚು ಹುಡುಕುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ವೈದ್ಯ ಮೊರಿಟ್ಜ್ ರೊಂಬರ್ಗ್ ಇಂಥದ್ದನ್ನೇ ಬರೆದಿಟ್ಟರು. ಬೆನ್ನುಹುರಿಯ ಕಾಯಿಲೆ ಇದ್ದವರು ಕಣ್ಣು ಮುಚ್ಚಿ ನಿಂತರೆ ಬೀಳುವ ಹಾಗೆ ತೂರಾಡುತ್ತಿದ್ದರು. ಕಾಲು ಜೋಡಿಸಿ ನಿಂತು ಕಣ್ಣು ಮುಚ್ಚಿ ಎಂದು ವೈದ್ಯರು ಇವತ್ತಿಗೂ ಹೇಳುತ್ತಾರಲ್ಲ, ಅದು ರೊಂಬರ್ಗ್ ಹೆಸರಿನ ಪರೀಕ್ಷೆ.

ನಾವು ನೆಟ್ಟಗೆ ನಿಲ್ಲುವುದು ಮೂರರ ಆಸರೆಯಿಂದ. ಒಂದು ಕಣ್ಣು, ಇನ್ನೊಂದು ತಲೆ ಅಲುಗಿದ್ದನ್ನು ತಿಳಿಸುವ ಒಳಗಿವಿ, ಮತ್ತೊಂದು ಅಂಗಾಲು, ಕೀಲು, ಸ್ನಾಯುಗಳಿಂದ ಮಿದುಳಿಗೆ ಹೋಗುವ ಸುದ್ದಿ. ಕಣ್ಣು ಹೋದರೆ ಉಳಿದ ಎರಡರ ಮೇಲೆ ಭಾರ ಬೀಳುತ್ತದೆ. ಅವು ತಾವಾಗಿಯೇ ಚುರುಕಾಗಿಬಿಡುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಅಷ್ಟು ಸಲೀಸಲ್ಲ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರ ನಡಿಗೆ ನೋಡಿ. ಹೆಜ್ಜೆ ಚಿಕ್ಕದಾಗುತ್ತದೆ, ಮೈ ಕೊಂಚ ಹಿಂದಕ್ಕೆ ವಾಲುತ್ತದೆ. ಹಿಮ್ಮಡಿ ಮೊದಲು ಊರುವ ಬದಲು ಇಡೀ ಪಾದ ಒಟ್ಟಿಗೆ ನೆಲ ಮುಟ್ಟುತ್ತದೆ. ಪಾದವೇ ನೆಲ ತಡಕುವ ಕೈ ಆಗಿರುತ್ತದೆ. ಎಡವುವ ಹೆದರಿಕೆಗೆ ಓಡಾಟ ಕಡಿಮೆ ಮಾಡುತ್ತಾರೆ. ಓಡಾಡದಿದ್ದರೆ ಕಾಲಿನ ಬಲ ಕುಗ್ಗುತ್ತದೆ, ಬಲ ಕುಗ್ಗಿದರೆ ಇನ್ನೂ ಬೇಗ ಆಯ ತಪ್ಪುತ್ತದೆ.

ಆದರೆ ಇಂಥವರನ್ನು ಮತ್ತೆ ಓಡಾಡುವಂತೆ ಮಾಡುವ ಪುನರ್ವಸತಿಯ ಕಥೆ ಕಾಲಿನಿಂದ ಶುರುವಾಗಲಿಲ್ಲ, ಕೋಲಿನಿಂದ ಶುರುವಾಯಿತು. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ದೃಷ್ಟಿ ಕಳೆದುಕೊಂಡಿದ್ದ ಛಾಯಾಗ್ರಾಹಕ ಜೇಮ್ಸ್ ಬಿಗ್ಸ್ ತಮ್ಮ ಕೋಲಿಗೆ ಬಿಳಿ ಬಣ್ಣ ಬಳಿದರು. ಗಾಡಿ ಓಡಿಸುವವರಿಗೆ ಕಾಣಲಿ ಅಂತ. 1931ರಲ್ಲಿ ಪ್ಯಾರಿಸ್‌ನಲ್ಲಿ ಗಿಲ್ಲಿ ದೆರ್ಬೆಮೋಂ ಎಂಬ ಮಹಿಳೆ ಬಿಳಿ ಕೋಲಿನ ಪ್ರಚಾರಕ್ಕೆ ಇಳಿದರು. ಅಲ್ಲಿಗೆ ಬಿಳಿ ಕೋಲು ಬೇರೆಯವರ ಕಣ್ಣಿಗೆ ಒಂದು ಗುರುತು, ಅಷ್ಟೇ.

ಅದನ್ನು ನಡೆಯುವ ಸಾಧನ ಮಾಡಿದ್ದು ಎರಡನೇ ಮಹಾಯುದ್ಧ. ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಗೆ ಕಣ್ಣು ಕಳೆದುಕೊಂಡ ಹುಡುಗರು ಬರುತ್ತಿದ್ದರು. ಅಲ್ಲಿದ್ದ ರಿಚರ್ಡ್ ಹೂವರ್ ಊರುಗೋಲನ್ನು ಬಿಟ್ಟು ಎದೆಮಟ್ಟಕ್ಕೆ ಬರುವ ಹಗುರ ಕೋಲು ಮಾಡಿಸಿದರು. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ ತಾಗಬೇಕು, ಎಡಗಾಲು ಮುಂದಿಟ್ಟಾಗ ಬಲಕ್ಕೆ. ಮುಂದಿನ ಕಾಲು ಎಲ್ಲಿ ಬೀಳುತ್ತದೋ ಆ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. 1948ರಲ್ಲಿ ಷಿಕಾಗೋ ಹತ್ತಿರದ ಹೈನ್ಸ್ ಆಸ್ಪತ್ರೆಯ ಕೇಂದ್ರ ಇದನ್ನು ಕ್ರಮವಾದ ಪಾಠ ಮಾಡಿತು. ಅದರ ಮುಖ್ಯಸ್ಥ ರಸೆಲ್ ವಿಲಿಯಮ್ಸ್ ತಾವೇ ಯುದ್ಧದಲ್ಲಿ ಕಣ್ಣು ಕಳೆದುಕೊಂಡವರು. 1960ರಲ್ಲಿ ಬಾಸ್ಟನ್ ಕಾಲೇಜಿನಲ್ಲಿ ಅದು ಪದವಿಯ ವಿಷಯವೂ ಆಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಈ ಲಯ ಕೈಗೆ ಬರಬೇಕಾದರೆ ಮೊದಲು ಕಾಲು ಸ್ಥಿರವಾಗಿ ಬೀಳಬೇಕು. ಯುದ್ಧದಿಂದ ಬಂದವರಿಗೆ ಇಪ್ಪತ್ತರ ಪ್ರಾಯ, ಗಟ್ಟಿ ಮೈ. ಅರವತ್ತು ದಾಟಿ ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾದಿಂದಲೋ ಸಕ್ಕರೆ ಕಾಯಿಲೆಯಿಂದಲೋ ದೃಷ್ಟಿ ಹೋದವರ ಮೈ ಹಾಗಿರುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಎಷ್ಟೋ ಸಲ ಅಂಗಾಲೂ ಜೋಮು ಹಿಡಿದಿರುತ್ತದೆ. ಮೂರು ಆಸರೆಯಲ್ಲಿ ಎರಡು ಹೋದ ಹಾಗೆ. ಪಾಠ ಮಾತ್ರ ಹುಡುಗರಿಗೆ ಮಾಡಿದ್ದೇ ಉಳಿಯಿತು.

ನಮ್ಮ ದೇಶದಲ್ಲಿ ದೊಡ್ಡವರ ತರಬೇತಿ ಶುರುವಾದದ್ದೂ ಯುದ್ಧದಿಂದಲೇ. ಕಣ್ಣು ಕಳೆದುಕೊಂಡ ಸೈನಿಕರಿಗೆಂದು 1943ರಲ್ಲಿ ಡೆಹ್ರಾಡೂನ್‌ನಲ್ಲಿ ಒಂದು ಕೇಂದ್ರ ತೆರೆಯಿತು. 1950ರಲ್ಲಿ ಭಾರತ ಸರ್ಕಾರ ಅದನ್ನು ವಹಿಸಿಕೊಂಡಿತು. ಆಮೇಲಿನ ದಶಕಗಳಲ್ಲಿ ದೇಶದ ತುಂಬ ಒತ್ತು ಬಿದ್ದದ್ದು ಬ್ರೈಲ್ ಮತ್ತು ಕೈಕಸುಬಿನ ಮೇಲೆ. ನೇಯ್ಗೆ, ಕುರ್ಚಿಗೆ ಬೆತ್ತ ಹೆಣೆಯುವುದು, ಹೀಗೆ. ಹೊಟ್ಟೆಪಾಡಿಗೆ ಅದು ಬೇಕಿತ್ತು, ನಿಜ. ಆದರೆ ಎಲ್ಲವೂ ಕೂತು ಮಾಡುವ ಕೆಲಸ. 2011ರ ಜನಗಣತಿಯಲ್ಲಿ ದೃಷ್ಟಿದೋಷ ಇರುವವರು ಸುಮಾರು 50 ಲಕ್ಷ. ಶಿಬಿರದಲ್ಲಿ ಕೋಲು ಹಂಚುವುದನ್ನು ಎಣಿಸಬಹುದು. ಕೋಲು ತೆಗೆದುಕೊಂಡು ಹೋದವರು ಮನೆಯಲ್ಲಿ ಎಷ್ಟು ಸಲ ಬಿದ್ದರು ಅಂತ ಕೇಳಲು ಯಾರೂ ಹೋಗುವುದಿಲ್ಲ.

ಕಾಲಿನ ಪಾಠ ಬಂದದ್ದು ನಿಧಾನವಾಗಿ, ಬೇರೆ ಬೇರೆ ಕಡೆಯಿಂದ. 1990ರ ದಶಕದಲ್ಲಿ ಅಮೆರಿಕದಲ್ಲಿ ಜಾನ್ ಜೇಕಾ ಮತ್ತು ಜೇಮ್ಸ್ ಲ್ಯಾಕ್ನರ್ ಎಂಬ ಸಂಶೋಧಕರು ಒಂದು ಸೊಗಸಾದ ಸಂಗತಿ ತೋರಿಸಿದರು. ಪಕ್ಕದ ಪಟ್ಟಿಗೆ ಬೆರಳ ತುದಿ ಸುಮ್ನೆ ತಾಗಿಸಿದರೆ ಸಾಕು, ಓಲಾಟ ಕಡಿಮೆಯಾಗುತ್ತದೆ. ಭಾರ ಹಾಕುವುದೇ ಬೇಡ. ಕೋಲಿನ ತುದಿ ನೆಲಕ್ಕೆ ಮೆಲ್ಲಗೆ ತಾಗಿದ್ದರೂ ಅಂಧರ ಓಲಾಟ ಇಳಿಯಿತು. ಕೋಲು ದಾರಿಯ ಜತೆಗೆ ಆಯವನ್ನೂ ಕೊಡುತ್ತದೆ ಅಂದ ಹಾಗಾಯಿತು.

2005ರಲ್ಲಿ ನ್ಯೂಜಿಲೆಂಡಿನ ಒಂದು ಅಧ್ಯಯನದ ಫಲ ಬಂತು. 75 ದಾಟಿದ, ದೃಷ್ಟಿ ತೀರಾ ಕುಂದಿದ 391 ಜನ ಅದರಲ್ಲಿದ್ದರು. ಪರಿಣತರು ಮನೆಗೇ ಹೋಗಿ ಎಡವುವ ವಸ್ತುಗಳನ್ನು ಸರಿಪಡಿಸಿದ ಕಡೆ ಬೀಳುವುದು 41% ಕಡಿಮೆಯಾಯಿತು. ವ್ಯಾಯಾಮ ಹೇಳಿಕೊಟ್ಟ ಗುಂಪಿನಲ್ಲಿ ಒಟ್ಟಾರೆ ಅಂಥ ಲಾಭ ಕಾಣಲಿಲ್ಲ. ಬಿಡದೆ ಮಾಡಿದವರು ಮಾತ್ರ ಕಡಿಮೆ ಬಿದ್ದರು. ಹಾಂಗ್‌ಕಾಂಗ್‌ನಲ್ಲಿ 16 ವಾರ ತೈಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ ಕಲಿತ ದೃಷ್ಟಿ ಕುಂದಿದ ವೃದ್ಧರಿಗೆ ತಮ್ಮ ಮಂಡಿ ಎಷ್ಟು ಬಾಗಿದೆ ಎಂಬ ಅರಿವು ಹೆಚ್ಚಿತು. ನನಗೆ ಇದರಲ್ಲಿ ಕಾಣುವುದು ಇಷ್ಟು: ಒಂದು ದಿನದ ಶಿಬಿರದಿಂದ ಇದು ಆಗುವ ಕೆಲಸ ಅಲ್ಲ. ಯಾರಾದರೂ ಮನೆಗೆ ಬರಬೇಕು, ಮತ್ತೆ ಮತ್ತೆ ಬರಬೇಕು.

ನಮ್ಮ ದೊಡ್ಡಮ್ಮನಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿ ಕೆಲವು ವರ್ಷ ಆಯಿತು. ಮಡಚುವ ಕೋಲು ಬಾಗಿಲ ಹಿಂದೆ ನೇತಾಡುತ್ತಿತ್ತು. ಬಚ್ಚಲಿನ ಹೊಸ್ತಿಲಲ್ಲಿ ಎರಡು ಸಲ ಬಿದ್ದ ಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೆ ಬಂದರು. ಮೊದಲು ಬಚ್ಚಲ ಮುಂದಿನ ಜಾರುವ ಮ್ಯಾಟ್ ತೆಗೆಸಿದರು. ಆಮೇಲೆ ದೊಡ್ಡಮ್ಮನನ್ನು ಬರಿಗಾಲಲ್ಲಿ ಅಡುಗೆ ಕಟ್ಟೆಯ ಎದುರು ನಿಲ್ಲಿಸಿದರು. ಕಟ್ಟೆಯ ಮೇಲೆ ಎರಡೂ ಅಂಗೈ. ಹಿಮ್ಮಡಿ ಎತ್ತಿ ಇಳಿಸುವುದು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದು. ಮುಂದಿನ ವಾರ ಅಂಗೈ ಬಿಟ್ಟು ಬರೀ ಬೆರಳು. ಆಮೇಲೆ ಎರಡು ಬೆರಳು. ಕೊನೆಗೆ ಒಂದು ಪಾದದ ಮುಂದೆ ಇನ್ನೊಂದು ಪಾದ, ಅಡಿಗೆ ಅಡಿ ತಾಗಿಸಿ ನಿಲ್ಲುವುದು.

ಎಷ್ಟು ಹೊತ್ತು ಅಂತ ನೋಡಲು ಗಡಿಯಾರ ಕಾಣುವುದಿಲ್ಲವಲ್ಲ. ದೊಡ್ಡಮ್ಮ ತಾವೇ ಒಂದು ಲೆಕ್ಕ ಇಟ್ಟುಕೊಂಡರು. ಬೇಳೆ ಬೇಯುವಾಗ ಕಟ್ಟೆಯ ಹತ್ತಿರ ನಿಲ್ಲುತ್ತಾರೆ. ಕುಕ್ಕರ್ ಒಂದು ಸೀಟಿ ಹಾಕಿದ ಮೇಲೆ ಇನ್ನೊಂದು ಸೀಟಿ ಬರುವವರೆಗೆ ಬಲಗಾಲು ಮುಂದೆ, ಆಮೇಲೆ ಎಡಗಾಲು.